ಡಾಕ್ಟರು ಸಾರು ಬಡಿಸಿದ ದಿನ

ಊಟದ ಜವಾಬ್ದಾರಿ ನನ್ನದಾಗಿತ್ತು. ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಿಗೂ ಅಧ್ಯಾಪಕರಿಗೂ ಊಟ ಹಾಕಿಸಬೇಕಾದವರು ಪರೀಕ್ಷೆಗೆ ಕೂರುವವರೇ. ಓಡಾಡಿ ಅದನ್ನು ಹೊಂದಿಸಬೇಕಾದವರು ಅದೇ ಗೈಡಿನ ಕೈಕೆಳಗಿರುವ ಕಿರಿಯರು. ಹೀಗೆಂದು ಎಲ್ಲಿಯೂ ಬರೆದಿಲ್ಲ. ತಪ್ಪಿಸಿದವರನ್ನೂ ನಾನು ನೋಡಿಲ್ಲ.

ಎಂ.ಎಸ್ಸಿ. ಮುಗಿಸಿ ಒಂದು ವರ್ಷ ಆ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಆ ದಿನ ಪರೀಕ್ಷೆ ಇದ್ದದ್ದು ನನ್ನ ಹಿರಿಯ ಸಂಶೋಧಕಿಗೆ. ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಹೋದ ಮೇಲೆ ಲ್ಯಾಬಿನಲ್ಲಿ ಅವರ ಮೇಜು ನಿನಗೇ, ಪಿಎಚ್.ಡಿ.ಗೆ ಹೆಸರು ನೋಂದಾಯಿಸು ಎಂದು ಗೈಡ್ ಹೇಳಿಯಾಗಿತ್ತು. ಇತ್ತ ಮಾಕಳಿಯ ಆಚೆಗಿನ, ನಟ್ಟು ಬೋಲ್ಟುಗಳಿಗೆ ಲೋಹದ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆ ತನ್ನ ಲ್ಯಾಬಿಗೆ ಕರೆದಿತ್ತು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ನಾನು ಯಾರಿಗೂ ತಿಳಿಸಿರಲಿಲ್ಲ.

ಕಾರ್ಖಾನೆ ನನಗೇನೂ ಹಿಡಿಸಿರಲಿಲ್ಲ. ಸಂದರ್ಶನಕ್ಕೆ ಹೋದಾಗ ಶೆಡ್ಡಿನ ಆಸಿಡ್ ಹೊಗೆ ಗಂಟಲಿಗೆ ಅಂಟಿಕೊಂಡಿತ್ತು. ಮ್ಯಾನೇಜರ್ ನನ್ನ ಅಂಕಪಟ್ಟಿಯನ್ನು ತಿರುವಿ ಹಾಕಿ, "ಮದ್ವೆ ಯಾವಾಗ ಮೇಡಂ? ಕೆಲಸ ಕಲಿಸಿದ್ಮೇಲೆ ಹೊರಟೋಗ್ತೀರೇನೋ ಅಂತ ಕೇಳ್ದೆ, ಅಷ್ಟೆ" ಎಂದಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೂದಲಿನಿಂದಲೂ ಆ ವಾಸನೆ ಬರುತ್ತಿತ್ತು. ಮೇಜೇ ವಾಸಿ ಎಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದೆ.

ಅಕ್ಕನ ಪ್ರಬಂಧ ಹುಣಸೆಬೀಜದ ಸಿಪ್ಪೆಯ ಪುಡಿಯ ಮೇಲೆ. ಕಾರ್ಖಾನೆಗಳ ಕೊಳೆನೀರಿನಲ್ಲಿರುವ ಕ್ರೋಮಿಯಂ ಎಂಬ ವಿಷಲೋಹವನ್ನು ಆ ಪುಡಿ ಹೀರಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಲ್ಯಾಬಿನಲ್ಲಿ ನಾವೇ ಬೆರೆಸಿದ ನೀರಿನಲ್ಲಿ ಅದು ಚೆನ್ನಾಗಿ ಹೀರಿತು. ಪೀಣ್ಯದ ಕಾರ್ಖಾನೆಗಳಿಂದ ತಂದ ನಿಜವಾದ ಕೊಳೆನೀರಿನಲ್ಲಿ ಸೋತಿತು. ಯಾಕೆ ಎಂದು ಅಕ್ಕ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಗೈಡ್ ಆ ಅಧ್ಯಾಯವನ್ನೇ ತೆಗೆಸಿದರು. "ಆಗ್ದೇ ಇರೋದನ್ನ ಯಾಕಮ್ಮ ತೋರಿಸ್ತೀಯ? ಆಗಿರೋದನ್ನ ತೋರ್ಸು." ಅಕ್ಕ ಹಟಕ್ಕೆ ಬಿದ್ದು ಕೊನೆಯಲ್ಲಿ ಒಂದು ಸ್ಲೈಡ್ ಮಾತ್ರ ಉಳಿಸಿಕೊಂಡಿದ್ದರು. ಅದನ್ನು ನೋಡಿ ಪರೀಕ್ಷಕರು ಏನನ್ನುತ್ತಾರೋ ಎಂದು ನಾನೂ ಕಾದಿದ್ದೆ. ಮೇಜೋ ಮಾಕಳಿಯೋ ಎಂಬ ಕೊನೆಯ ಮಾತನ್ನು ಆ ಉತ್ತರಕ್ಕೇ ಬಿಟ್ಟಿದ್ದೆ ಎಂದರೆ ತಪ್ಪಲ್ಲ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧವನ್ನು ತೆರೆದಿದ್ದಂತೆ ಕಾಣಲಿಲ್ಲ. ಹುಣಸೆ ಯಾವ ಕಡೆಯದು ಎಂದು ಕೇಳಿದರು. ಸಿಪ್ಪೆ ಸುಲಿಯುವುದು ಕಷ್ಟವಲ್ಲವೇ ಎಂದರು. ಅಕ್ಕ ಕೊನೆಯ ಸ್ಲೈಡಿಗೆ ಬಂದು, "ಸಾರ್, ಇಲ್ಲೊಂದು ತೊಂದರೆ ಇದೆ" ಎನ್ನುವಷ್ಟರಲ್ಲಿ ಗೈಡ್ ಕುರ್ಚಿ ಹಿಂದೆ ತಳ್ಳಿದರು.

"ಸಾಕಮ್ಮ, ಸಾಕು. ಸಾರ್‌ಗೆ ಶುಗರ್ ಇದೆ, ಊಟ ತಡ ಆಗ್ಬಾರ್ದು."

ಚಪ್ಪಾಳೆ, ಶಾಲು, ಹಣ್ಣಿನ ಬುಟ್ಟಿ. ಅಕ್ಕ ಡಾಕ್ಟರ್ ಆದರು.

ಊಟದ ಕೋಣೆಯಲ್ಲಿ ಅಧ್ಯಾಪಕರೆಲ್ಲ ಸಾಲಾಗಿ ಕೂತರು. ಅಕ್ಕ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಾರಿನ ಬಕೆಟ್ ಹಿಡಿದರು. ನನ್ನ ಕೈಯಲ್ಲಿ ಹಪ್ಪಳದ ತಟ್ಟೆ. ಶುಗರ್ ಇದ್ದ ಪರೀಕ್ಷಕರ ಎಲೆಯಲ್ಲಿ ಆಗಲೇ ಎರಡನೆಯ ಒಬ್ಬಟ್ಟಿತ್ತು. ತುಪ್ಪ ಅವರ ಬೆರಳುಗಳಿಂದ ಮಣಿಕಟ್ಟಿಗೆ ಇಳಿಯುತ್ತಿತ್ತು.

"ಡಾಕ್ಟ್ರೇ, ಇಲ್ಲಿ ಸ್ವಲ್ಪ ಸಾರು!" ಎಂದು ಗೈಡ್ ಕೂಗಿದರು.

ಸಾಲಿಗೆ ಸಾಲೇ ನಕ್ಕಿತು. ಅಕ್ಕನೂ ನಕ್ಕು ಬಗ್ಗಿ ಬಡಿಸಿದರು. ಅಕ್ಕನ ಹಾಗೆ ಇಲ್ಲಿ ಆರು ವರ್ಷ ಕಳೆದರೆ ನಾನೂ ಹೀಗೆಯೇ ನಗುತ್ತೇನೆ ಅನ್ನಿಸಿತು.

"ಮುಂದಿನ ಒಬ್ಬಟ್ಟು ನಿಂದೇ ಕಣಮ್ಮ," ಎಂದರು ಗೈಡ್, ನನ್ನತ್ತ ತಿರುಗಿ.

"ನಾನು ರಿಜಿಸ್ಟರ್ ಮಾಡ್ಸಲ್ಲ ಸಾರ್. ಕಂಪನಿ ಸೇರ್ತಿದೀನಿ. ಪ್ಲೇಟಿಂಗು, ಮಾಕಳಿ ಹತ್ರ."

ಪರೀಕ್ಷಕರು ತಲೆಯೆತ್ತಿದರು. "ಅಯ್ಯೋ, ನಟ್ಟು ಬೋಲ್ಟಿಗೆ ಬಣ್ಣ ಬಳಿಯೋಕೆ ಎಂ.ಎಸ್ಸಿ. ಯಾಕಮ್ಮ?"

"ಸೈನ್ಸೇ ಬೇಡ್ವಂತೆ ಬಿಡಿ ಸಾರ್. ನೀವು ತಗೊಳ್ಳಿ," ಎಂದರು ಗೈಡ್.

ನಾನು ಹಪ್ಪಳ ಬಡಿಸಿ ಮುಂದೆ ಹೋದೆ.

ನಾನು ಸೇರಿದ ಕಾರ್ಖಾನೆಯ ಹಿಂದಿನ ಚರಂಡಿಯ ಹಳದಿ ನೀರು ಇವತ್ತಿಗೂ ಅಸಹ್ಯ. ಮ್ಯಾನೇಜರ್ ಇವತ್ತಿಗೂ ಮದುವೆಯ ವಿಷಯ ಎತ್ತುತ್ತಾರೆ. ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ, ಬೋಲ್ಟುಗಳ ಮೇಲಿನ ಸತುವಿನ ಲೇಪ ಮಾಲು ಕೊಳ್ಳುವ ಪಾರ್ಟಿ ಕೇಳಿದ್ದಕ್ಕಿಂತ ತೆಳುವಾಗಿದೆ ಎಂದು ಅಳತೆ ತೋರಿಸಿತು. ಮ್ಯಾನೇಜರ್ ಲ್ಯಾಬಿನ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ. ಲೋಡ್ ಆಗೋಗಿದೆ, ಲಾರಿ ನಿಂತಿದೆ."

ಇಲ್ಲೂ ಇದೇ ಅಂದುಕೊಂಡೆ. ಅವರ ಕಣ್ಣೆದುರೇ ಮತ್ತೆ ಅಳೆದೆ. "ತೆಳುವಾಗೇ ಇದೆ ಸಾರ್. ರಿಪೋರ್ಟಿಗೆ ನಾನು ಸೈನ್ ಹಾಕಲ್ಲ."

"ಪುಸ್ತಕ ಓದ್ಕೊಂಡ್ ಬಂದ್ಬಿಡ್ತೀರ, ನಮ್ ಪ್ರಾಣ ತೆಗೆಯೋಕೆ!" ಎಂದು ಗೊಣಗಿ ಹೊರಟರು. ಕಿಟಕಿಯಿಂದ ಅವರ ದನಿ ಕೇಳುತ್ತಲೇ ಇತ್ತು. ಮೊದಲು ನನ್ನನ್ನು ಬೈದರು, ಆಮೇಲೆ ಡ್ರೈವರನ್ನು, ಆಮೇಲೆ ಪಾರ್ಟಿಯನ್ನು. ಮಾಲು ವಾಪಸು ಬಂದರೆ ತಲೆ ಹೋಗುವುದು ಅವರದೇ. ಸತ್ಯದ ಮೇಲಿನ ಪ್ರೀತಿಯೇನೂ ಅಲ್ಲಿರಲಿಲ್ಲ. ಕೊನೆಗೆ, "ಇಳಿಸ್ರೋ ಎಲ್ಲಾನೂ, ಮತ್ತೆ ಪ್ಲೇಟಿಂಗಿಗೆ ಹಾಕಿ" ಎಂದು ಕಿರುಚಿದರು.

ಲಾರಿಯಿಂದ ಪೆಟ್ಟಿಗೆಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಕೇಳುತ್ತ ಕೂತೆ.