ಗುರುವಾರದ ಐವತ್ತು ನಿಮಿಷ

ಅಮೆರಿಕದ ಬೆಲ್ವ್ಯೂ ನಗರದ ಈಸ್ಟ್‌ಗೇಟ್‌ನಲ್ಲಿ, ಹೆದ್ದಾರಿಯ ಸದ್ದು ಕಿಟಕಿಯ ಗಾಜಿಗೆ ಸದಾ ತಾಗುತ್ತಿದ್ದ ಒಂದು ಚಿಕ್ಕ ಕಚೇರಿಯಲ್ಲಿ, ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ನಾನು ಆಗ ಲೀಗಲ್ ಅಡ್ವೊಕೇಟ್ ಆಗಿದ್ದೆ. ಅದು ನನ್ನ ಸೇವೆಯ ಹನ್ನೊಂದನೆಯ ವರ್ಷ. ಅಡ್ವೊಕೇಟ್ ಎಂದರೆ ವಕೀಲೆಯಲ್ಲ. ನ್ಯಾಯಾಲಯದ ಅರ್ಜಿಗಳನ್ನು ತುಂಬಲು ನೆರವಾಗುವುದು, ವಿಚಾರಣೆಯ ದಿನ ಪಕ್ಕದಲ್ಲಿ ಕೂರುವುದು, ಎಲ್ಲಕ್ಕಿಂತ ಮೊದಲು ‘ಸೇಫ್ಟಿ ಪ್ಲ್ಯಾನ್’ ಎಂಬ ಸುರಕ್ಷತೆಯ ಯೋಜನೆಯನ್ನು ಆಕೆಯೊಂದಿಗೆ ಕೂತು ರೂಪಿಸುವುದು ನನ್ನ ಕೆಲಸ. ಇಲ್ಲಿ ಬರುವ ಹೆಸರುಗಳನ್ನು ಬದಲಿಸಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಬದಲಿಸಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ವೀಣಾ ಬಂದರು. ಹುಬ್ಬಳ್ಳಿಯವರು, ವಯಸ್ಸು ನಲವತ್ತಮೂರು, ಡೌನ್‌ಟೌನ್ ಬೆಲ್ವ್ಯೂನ ಕಂಪನಿಯೊಂದರಲ್ಲಿ ಟೆಸ್ಟ್ ಎಂಜಿನಿಯರ್. ವಿಚ್ಛೇದನವಾಗಿ ನಾಲ್ಕು ವರ್ಷ. ಹದಿನಾರರ ಮಗಳು ಅನಘಾ ಮತ್ತು ಹದಿಮೂರರ ಮಗ ರೋಹನ್ ಅವರೊಂದಿಗೇ ಇದ್ದರು. ಎರಡು ವಾರಕ್ಕೊಮ್ಮೆ ಶನಿವಾರ, ಭಾನುವಾರ ತಂದೆ ಗಿರೀಶನ ಮನೆಗೆ ಹೋಗುತ್ತಿದ್ದರು. ಮಕ್ಕಳು ಯಾವ ದಿನ ಯಾರ ಬಳಿ ಇರಬೇಕೆಂದು ನ್ಯಾಯಾಲಯ ನಿಗದಿಪಡಿಸುವ ದಾಖಲೆಗೆ ಇಲ್ಲಿ ‘ಪೇರೆಂಟಿಂಗ್ ಪ್ಲ್ಯಾನ್’ ಎನ್ನುತ್ತಾರೆ.

ವೀಣಾ ಬ್ಯಾಗಿನಿಂದ ಕೆಲವು ಹಾಳೆಗಳನ್ನು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ಗಿರೀಶ ಗುರುವಾರದ ಸಂಜೆಗಳಲ್ಲಿ ಕಳುಹಿಸಿದ ಸಂದೇಶಗಳ ಮುದ್ರಿತ ಪ್ರತಿಗಳು. ‘ಮರ್ಸರ್ ಐಲ್ಯಾಂಡ್‌ನಲ್ಲಿ ಗಾಳಿ ಜೋರಾಗಿದೆ. ಶಾಲ್ ತಂದಿದೀಯಾ?’ ಮುಂದಿನ ವಾರದ್ದು: ‘ಐವತ್ತು ನಿಮಿಷ ಆಯ್ತು. ಮಾತು ಇನ್ನೂ ಮುಗಿದಿಲ್ವಾ?’ ಅದರ ಮುಂದಿನ ವಾರದ್ದು: ‘ಮಕ್ಕಳು ಈಗ ಯಾರ ಹತ್ರ ಇದಾರೆ? ನನ್ನ ಲಾಯರ್ ಕೇಳ್ತಿದಾರೆ.’

“ಒಂದೂ ಬೆದರಿಕಿ ಮಾತು ಇಲ್ಲ ನೋಡ್ರಿ ಮೇಡಂ,” ಎಂದರು ವೀಣಾ. “ಯಾರಿಗಾದ್ರೂ ತೋರಿಸಿದ್ರ ‘ಎಷ್ಟು ಕಾಳಜಿ ಮಾಡ್ತಾನಲ್ಲ’ ಅಂತಾರ.”

ಅದನ್ನು ನಾನು ಅಂದೂ ಕಾಳಜಿ ಎಂದು ಕರೆಯಲಿಲ್ಲ, ಇಂದೂ ಕರೆಯುವುದಿಲ್ಲ. ಒಬ್ಬ ವಯಸ್ಕ ಮಹಿಳೆಯ ಚಲನವಲನವನ್ನು ಅವಳ ಒಪ್ಪಿಗೆಯಿಲ್ಲದೆ ಗಮನಿಸುವುದು, ಗಮನಿಸುತ್ತಿದ್ದೇನೆಂದು ಅವಳಿಗೆ ತಿಳಿಸುವುದು ಹಿಂಸೆ. ಮದುವೆಯಲ್ಲಿದ್ದಾಗ ಇದೇ ಮನುಷ್ಯ ಆಕೆಯ ಕಾರಿನ ಕೀಲಿ ಬಚ್ಚಿಡುತ್ತಿದ್ದ. ಒಮ್ಮೆ ಡಿಸೆಂಬರಿನ ಚಳಿಯಲ್ಲಿ ಬಾಗಿಲ ಹೊರಗೆ ನಿಲ್ಲಿಸಿ ಚಿಲಕ ಹಾಕಿದ್ದ. ಅದೆಲ್ಲವೂ ನ್ಯಾಯಾಲಯದ ಕಡತದಲ್ಲಿತ್ತು.

ಗುರುವಾರ ಸಂಜೆ ರೋಹನ್‌ಗೆ ಈಜು ತರಬೇತಿ, ಅನಘಾಗೆ ಚರ್ಚಾಕೂಟ. ಆ ಬಿಡುವಿನಲ್ಲಿ ವೀಣಾ ಮರ್ಸರ್ ಐಲ್ಯಾಂಡ್‌ನ ಸರೋವರದ ದಡದಲ್ಲಿ ಮೋಹನ್ ಎಂಬವರೊಡನೆ ನಡೆಯಲು ಹೋಗುತ್ತಿದ್ದರು. ಅವರು ತೆಲುಗಿನವರು, ಪತ್ನಿಯನ್ನು ಕಳೆದುಕೊಂಡವರು. ವೀಣಾ ಈ ವಿಷಯವನ್ನು ಮಕ್ಕಳಿಗೆ ಇನ್ನೂ ಹೇಳಿರಲಿಲ್ಲ.

“ನಾ ಏನ್ ತಪ್ಪು ಮಾಡೇನ್ರಿ?” ಎಂದು ವೀಣಾ ಕೇಳಿದರು. ತಪ್ಪಿಲ್ಲ, ಕಾನೂನಿನಲ್ಲೂ ಇಲ್ಲ. ಆದರೆ ಗಿರೀಶ ಪೇರೆಂಟಿಂಗ್ ಪ್ಲ್ಯಾನ್ ಬದಲಿಸಲು ಅರ್ಜಿ ಹಾಕುವುದಾಗಿ ಸೂಚಿಸಿದ್ದ. ಮಕ್ಕಳು ಕೈತಪ್ಪಿಯಾರೆಂಬ ಹೆದರಿಕೆಗೆ ಕಾನೂನಿನ ಪುಸ್ತಕದಿಂದ ಸಮಾಧಾನ ಸಿಗುವುದಿಲ್ಲ. ಆಕೆ ಕಾರು ನಿಲ್ಲಿಸಿದ ಮೇಲೆ ಐದೈದು ನಿಮಿಷ ಬಾಗಿಲು ತೆಗೆಯದೆ ಕನ್ನಡಿ ನೋಡುತ್ತಾ ಕೂರುತ್ತಿದ್ದರು. ಆಫೀಸಿನ ಲಿಫ್ಟಿನಲ್ಲಿ ಒಬ್ಬರೇ ಹೋಗುತ್ತಿರಲಿಲ್ಲ.

ನಾವು ಕ್ರಮವಾಗಿ ಹುಡುಕಿದೆವು. ಮೆಕ್ಯಾನಿಕ್ ಒಬ್ಬರು ಕಾರಿನ ತಳವನ್ನೆಲ್ಲ ಪರೀಕ್ಷಿಸಿದರು, ಟ್ರ್ಯಾಕರ್ ಸಿಗಲಿಲ್ಲ. ಪಾಸ್‌ವರ್ಡ್‌ಗಳನ್ನು ಬದಲಿಸಿದೆವು. ಫೋನಿನ ಲೊಕೇಷನ್ ಯಾರಿಗೆ ಕಾಣುತ್ತದೆಂದು ನೋಡಿದಾಗ ಎರಡೇ ಹೆಸರುಗಳಿದ್ದವು: ಅನಘಾ, ರೋಹನ್. ನಮ್ಮ ಕಚೇರಿಯ ಪ್ರಶ್ನಾವಳಿಯಲ್ಲಿ ಮಾಜಿ ಸಂಗಾತಿ, ಸ್ನೇಹಿತರು, ಸಹೋದ್ಯೋಗಿಗಳು, ಮಕ್ಕಳು ಎಂಬ ನಾಲ್ಕು ಚೌಕಗಳಿದ್ದವು. ಮೂರಕ್ಕೆ ‘ಇಲ್ಲ’ ಎಂದು ಬರೆದೆ. ನಾಲ್ಕನೆಯದರಲ್ಲಿ ನನ್ನ ಪೆನ್ನು ನಿಂತಿತು. ರೋಹನ್ ಆ ಹೊತ್ತಿಗೆ ನೀರಿನಲ್ಲಿರುತ್ತಿದ್ದ. ಅನಘಾಳ ಕೈಯಲ್ಲಿ ಫೋನ್ ಇರುತ್ತಿತ್ತು. ಈಚೆಗೆ ಅವಳು ತಾಯಿಯೊಡನೆ ಮಾತು ಕಡಿಮೆ ಮಾಡಿದ್ದಳು.

ತಂದೆ ಮಗಳ ಬಾಯಿಂದ ವಿಷಯ ತೆಗೆಯುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಮಕ್ಕಳನ್ನು ಗೂಢಚಾರರನ್ನಾಗಿ ಬಳಸುವ ತಂದೆಯರನ್ನು ನಾನು ಕಂಡಿದ್ದೆ. ಕಂಡಿದ್ದೇ ನನ್ನ ಕಣ್ಣಿಗೆ ಪೊರೆಯಾಯಿತು.

ಅಕ್ಟೋಬರಿನ ಮೊದಲ ಶನಿವಾರ ತಾಯಿ, ಮಗಳು ಇಬ್ಬರನ್ನೂ ಕಚೇರಿಗೆ ಕರೆಸಿದೆ. ಇದು ತಪ್ಪಿತಸ್ಥರನ್ನು ಹುಡುಕುವ ಸಭೆಯಲ್ಲ ಎಂಬ ಪೀಠಿಕೆಯೊಂದಿಗೆ, ಅಮ್ಮ ಗುರುವಾರ ಎಲ್ಲಿರುತ್ತಾರೆಂದು ತಂದೆಗೆ ಹೇಳಿದ್ದೀಯಾ ಎಂದು ಬಹಳ ಮೃದುವಾಗಿ ಕೇಳಿದೆ. ಅನಘಾ ನನ್ನ ಮಾತು ಮುಗಿಯುವವರೆಗೂ ಕಾದಳು.

“ಆಂಟಿ, ಯು ಥಿಂಕ್ ಐಯಾಮ್ ಹಿಸ್ ಸ್ಪೈ?” ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. “ಅಮ್ಮಾ, ಐ ನ್ಯೂ ಸಿನ್ಸ್ ಆಗಸ್ಟ್. ನೀನು ಫೋನ್ ನೋಡಿ ನಗ್ತಿದ್ದೆ. ನಾನು ಯಾರಿಗೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ, ಯಾಕಂದ್ರೆ ಯು ಲುಕ್ಡ್ ಹ್ಯಾಪಿ.”

ವೀಣಾ ಮಗಳ ಕೈ ಹಿಡಿಯಲು ಹೋದರು. ಅವಳು ಕೈ ಬಿಡಿಸಿಕೊಂಡಳು. ಮರುದಿನ ಬಟ್ಟೆ ತುಂಬಿದ ಬ್ಯಾಗಿನೊಂದಿಗೆ ತಾನಾಗಿಯೇ ತಂದೆಯ ಮನೆಗೆ ಹೋದಳು. ಅಂದು ಸಂಜೆ ಗಿರೀಶನ ಸಂದೇಶ ಬಂತು: ‘ಮಗಳು ಅವಳಾಗೇ ಬಂದಿದಾಳೆ. ಯಾಕೆ ಅಂತ ಕೋರ್ಟಿಗೆ ನೀನೇ ಹೇಳು.’

ಆ ಮನುಷ್ಯ ನಾಲ್ಕು ವರ್ಷಗಳಿಂದ ಬಯಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಅವನಿಗೆ ಒದಗಿಸಿಕೊಟ್ಟಿದ್ದೆ.

ಮುಂದಿನ ಗುರುವಾರ ವೀಣಾ ಸರೋವರಕ್ಕೆ ಹೋಗಲಿಲ್ಲ. ಮೋಹನ್‌ಗೆ ಬರಬೇಡಿ ಎಂದು ತಿಳಿಸಿ ನನ್ನ ಕಚೇರಿಗೆ ಬಂದರು. ಎದುರಿನ ಕುರ್ಚಿಯಲ್ಲಿ ಕುಳಿತು, “ಬಿಡ್ರಿ ಮೇಡಂ. ನನಗ ಯಾರೂ ಬ್ಯಾಡ. ಹುಡುಗಿ ಮನಿಗೆ ಬಂದ್ರ ಸಾಕು,” ಎಂದರು. ಆಗ ಸಂಜೆ ಆರು ಗಂಟೆ. ಹುಬ್ಬಳ್ಳಿಯಲ್ಲಿ ಶುಕ್ರವಾರ ಬೆಳಿಗ್ಗೆ ಆರೂವರೆ. ಮೇಜಿನ ಮೇಲಿದ್ದ ಅವರ ಫೋನ್ ರಿಂಗಾಯಿತು. ಕಣ್ಣೊರೆಸಿಕೊಳ್ಳುತ್ತಿದ್ದ ವೀಣಾ ಸ್ಪೀಕರ್ ಒತ್ತಿದರು. ಅವರ ತಾಯಿ ಪಾರ್ವತಮ್ಮ; ನಿವೃತ್ತ ಶಿಕ್ಷಕಿ, ಹಿಂದಿನ ವರ್ಷ ಆರು ತಿಂಗಳು ಇಲ್ಲಿಗೆ ಬಂದು ಮೊಮ್ಮಕ್ಕಳೊಡನೆ ಇದ್ದು ಹೋದವರು.

“ಯಾಕವಾ, ಇವತ್ತ ಕೆರಿ ದಂಡಿಗೆ ಹೋಗಲಿಲ್ಲೇನು? ದೊಡ್ಡ ರಸ್ತೆ ಬಾಜೂಕ ನಿಂತಂಗ ಕಾಣಾಕತ್ತೈತಿ. ಗಾಡಿ ಕೆಟ್ಟೈತೇನು?”

ವೀಣಾ ನನ್ನ ಮುಖ ನೋಡಿದರು.

“ಅವ್ವಾ... ನಿನಗ ಎಲ್ಲಿ ಕಾಣಾಕತ್ತೈತಿ?”

“ಟ್ಯಾಬದಾಗವಾ! ಅನಘಾ ತನ್ನ ಹಳೇದು ಕೊಟ್ಟು ಕಳಿಸ್ಯಾಳಲ್ಲ. ನೀಲಿ ಚುಕ್ಕಿ ಅಂದ್ರ ಅಮ್ಮ ಅಂತ ಅಕೀನ ತೋರ್ಸಿಕೊಟ್ಟಾಳ. ದಿನಾ ಚಾ ಕುಡಿಯೂ ಮುಂದ ನೋಡ್ತೀನಿ. ಮನಿ ಮುಟ್ಟಿದಿ ಅಂದ್ರ ನನಗ ಸಮಾಧಾನ.”

ಟ್ಯಾಬ್ ಅನಘಾಳ ಖಾತೆಯಲ್ಲೇ ಉಳಿದಿತ್ತು. ನಮ್ಮ ಪಟ್ಟಿಯಲ್ಲಿ ಅವಳ ಹೆಸರಿನ ಹಿಂದೆ ಅಜ್ಜಿ ಕುಳಿತಿದ್ದರು.

“ಅವ್ವಾ, ಇದನ್ನ ಯಾರಿಗಾರ ಹೇಳ್ತಿಯೇನು?”

“ಯಾರಿಗೆ ಹೇಳ್ಲಿ? ಗಿರೀಶ ಶುಕ್ರವಾರ ಮುಂಜಾನೆ ಫೋನ್ ಮಾಡ್ತಾನ, ಅವಗಷ್ಟ. ‘ಅತ್ತಿ, ವೀಣಾ ಒಬ್ಬಾಕಿನ ಗಾಡಿ ಓಡಸ್ತಾಳ, ನನಗ ಚಿಂತಿ ಆಗ್ತೈತಿ, ಎಲ್ಲಿದಾಳ, ಅಲ್ಲಿ ಎಷ್ಟೊತ್ತಾತು ನೋಡಿ ಹೇಳ್ರಿ’ ಅಂತಾನ. ಬ್ಯಾರೆ ಇದ್ರೂ ಎಷ್ಟು ಕಳಕಳಿ ಅವಂಗ.”

ವಿಚ್ಛೇದನದ ಸಮಯದಲ್ಲಿ ವೀಣಾ ತವರಿಗೆ ‘ಹೊಂದಾಣಿಕೆ ಆಗಲಿಲ್ಲ’ ಎಂದಷ್ಟೇ ಹೇಳಿದ್ದರು. ಕೀಲಿಯ ವಿಷಯ, ಚಿಲಕದ ವಿಷಯ ನ್ಯಾಯಾಧೀಶರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹೆತ್ತ ತಾಯಿಗೆ ಗೊತ್ತಿರಲಿಲ್ಲ. ಅವರು ನೊಂದುಕೊಳ್ಳಬಾರದೆಂದು ಮುಚ್ಚಿಟ್ಟದ್ದು. ಹೆಣ್ಣುಮಕ್ಕಳಿಗೆ ನಾವು ಕಲಿಸುವ ಈ ಮೌನವನ್ನು ನಮ್ಮ ಸಮಾಜ ಸಂಸ್ಕಾರವೆನ್ನುತ್ತದೆ. ಅದು ಹಿಂಸಿಸಿದವನಿಗೆ ಕೊಡುವ ರಕ್ಷಣೆ. ಅದರಿಂದಾಗಿಯೇ ಆ ಮನುಷ್ಯ ಹುಬ್ಬಳ್ಳಿಯ ಮನೆಯಲ್ಲಿ ಇನ್ನೂ ಗೌರವದ ಅಳಿಯನಾಗಿ ಉಳಿದಿದ್ದ.

ವೀಣಾ ಅಂದು ಎಲ್ಲವನ್ನೂ ಹೇಳಿದರು. ನಾನು ಎದ್ದು ಹೊರಗೆ ಹೋಗಲು ನೋಡಿದೆ, ಕೈಸನ್ನೆಯಿಂದ ಕೂರಿಸಿದರು. ಕೊನೆಗೆ ಪಾರ್ವತಮ್ಮನ ಧ್ವನಿ ಬಂತು:

“ನಾ ಅವಗ ಪ್ರತಿ ಸಲ ‘ಊಟ ಆತೇನಪಾ’ ಅಂತ ಕೇಳ್ತಿದ್ನಲ್ಲವಾ.”

ಮುಂದಿನದು ನನ್ನ ವೃತ್ತಿಯ ಪರಿಚಿತ ದಾರಿ. ಟ್ಯಾಬಿನಲ್ಲಿ ಏನೇನು ಕಾಣುತ್ತಿತ್ತೆಂಬುದನ್ನು ಮೊದಲು ಚಿತ್ರಗಳಾಗಿ ದಾಖಲಿಸಿ, ಆಮೇಲೆ ಲೊಕೇಷನ್ ನಿಲ್ಲಿಸಿದೆವು. ಗಿರೀಶ ಕರೆ ಮಾಡಿದ ವೇಳೆಗಳನ್ನು ಪಾರ್ವತಮ್ಮ ಶಿಕ್ಷಕಿಯ ದುಂಡು ಅಕ್ಷರದಲ್ಲಿ ಬರೆದುಕೊಟ್ಟರು. ಪ್ರಮಾಣೀಕೃತ ಅನುವಾದಕರು ಅದನ್ನು ಇಂಗ್ಲಿಷಿಗೆ ತಂದರು. ಪ್ರತಿ ಕರೆಯ ಬೆನ್ನಿಗೇ ಒಂದೊಂದು ಸಂದೇಶ. ನ್ಯಾಯಾಲಯ ಪ್ರೊಟೆಕ್ಷನ್ ಆರ್ಡರ್, ಅಂದರೆ ಆತ ವೀಣಾ ಅವರನ್ನು ಹಿಂಬಾಲಿಸದಂತೆ, ಸಂಪರ್ಕಿಸದಂತೆ ತಡೆಯುವ ಆದೇಶ ನೀಡಿತು. ಪೇರೆಂಟಿಂಗ್ ಪ್ಲ್ಯಾನ್ ಬದಲಿಸುವ ಅರ್ಜಿಯನ್ನು ಗಿರೀಶ ಹಾಕಲೇ ಇಲ್ಲ.

ಅನಘಾ ಅದಕ್ಕೂ ಮೊದಲೇ ಹಿಂದಿರುಗಿದ್ದಳು. ಅಜ್ಜಿಯ ಕರೆ ಬಂದ ಮರುದಿನವೇ ವೀಣಾ ಶಾಲೆಯ ಗೇಟಿನಲ್ಲಿ ನಿಂತು ಮಗಳಲ್ಲಿ ಕ್ಷಮೆ ಕೇಳಿದ್ದರು. ಮನೆ ಬಿಟ್ಟು ಬಂದ ಕಾರಣವನ್ನು ಆ ಹುಡುಗಿ ತಂದೆಗೆ ಹೇಳಿಯೇ ಇರಲಿಲ್ಲ. ನಾನೂ ಹೋಗಿ ಕ್ಷಮೆ ಕೇಳಿದೆ. ಅವಳು ನನ್ನನ್ನು ನೇರವಾಗಿ ನೋಡಿ ಹೇಳಿದಳು:

“ಇಟ್ಸ್ ಓಕೆ ಆಂಟಿ. ನಿಮ್ಮ ಫಾರ್ಮ್‌ನಲ್ಲಿ ಅಜ್ಜಿ ಇರ್ಲಿಲ್ಲ. ನಾನಿದ್ದೆ.”

ಓಕೆ ಆಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಭಯದಲ್ಲಿರುವವರ ನಡುವೆ ಕೆಲಸ ಮಾಡುವವರು ಭಯದ ಅವಸರವನ್ನು ತಾವೂ ಹಚ್ಚಿಕೊಂಡರೆ, ಕೈಗೆ ಮೊದಲು ಸಿಗುವುದು ಮನೆಯ ಮಗು.

ವೀಣಾ ಈಗಲೂ ಗುರುವಾರ ಮೋಹನ್ ಜೊತೆ ನಡೆಯಲು ಸರೋವರಕ್ಕೆ ಹೋಗುತ್ತಾರೆ. ಕಾರು ನಿಲ್ಲಿಸಿ ಕನ್ನಡಿ ನೋಡುವ ಅಭ್ಯಾಸ ಹೋಗಿಲ್ಲ. ಹೋಗುತ್ತದೆಂದು ನಾನು ಮಾತು ಕೊಟ್ಟಿಲ್ಲ. ಕಾಗದದ ಆದೇಶಕ್ಕೆ ಅಷ್ಟು ಬಲವಿಲ್ಲ. ಆದರೆ ಇಳಿಯುವ ಮುನ್ನ ‘ಮುಟ್ಟೀನಿ’ ಎಂದು ತಾಯಿಗೆ ತಾವೇ ಬರೆಯುತ್ತಾರೆ. ಒಮ್ಮೆ ಪಾರ್ವತಮ್ಮ ತಿರುಗಿ ಬರೆದರಂತೆ: ‘ಅವರ ಹೆಸರೇನವಾ?’

ನಮ್ಮ ಪ್ರಶ್ನಾವಳಿಗೆ ಎರಡು ಸಾಲು ಸೇರಿಸಿದ್ದೇನೆ. ನೀವು ಎಲ್ಲಿದ್ದೀರೆಂದು ನಿಮ್ಮನ್ನು ಪ್ರೀತಿಸುವ ಯಾರ್ಯಾರಿಗೆ ಗೊತ್ತಾಗುತ್ತದೆ? ಅವರಿಗೆ ನೀವು ಯಾವುದನ್ನು ಹೇಳಿಲ್ಲ? ಮೊದಲನೆಯದಕ್ಕೆ ಎಲ್ಲರೂ ಬೇಗ ಉತ್ತರಿಸುತ್ತಾರೆ. ಎರಡನೆಯದಕ್ಕೆ ತಲೆ ತಗ್ಗಿಸುತ್ತಾರೆ. ಆಗ ನಾನು ಪೆನ್ನು ಕೆಳಗಿಟ್ಟು ಕಾಯುತ್ತೇನೆ.