ಬೆನ್ನು ಮಾತ್ರ ಕಂಡ ಸಾಕ್ಷಿ

ಡೆನ್ಮಾರ್ಕಿನ ಭಾಷೆಯಲ್ಲಿ ನನಗೆ ನಾಲ್ಕು ಮಾತು ಬರುತ್ತವೆ. ಧನ್ಯವಾದ, ಇಲ್ಲ, ಹೆಣ, ಗೊತ್ತಿಲ್ಲ. ಗೋಕಾಕದಿಂದ ಮೂಡಲಗಿಗೆ ದಿನಾ ಬಸ್ಸಿನಲ್ಲಿ ಹೋಗಿ, ಎಂಟನೆಯ ಇಯತ್ತೆಯ ಮಕ್ಕಳಿಗೆ ವಿಜ್ಞಾನ ಕಲಿಸಿ, ಸಂಜೆ ಅದೇ ಬಸ್ಸಿನಲ್ಲಿ ಮರಳುವ ಹೆಂಗಸಿಗೆ ಇವುಗಳಲ್ಲಿ ಒಂದರ ಅಗತ್ಯವೂ ಇಲ್ಲ. ಆದರೂ ಕಲಿತೆ. ಮೊಬೈಲ್ ರಿಚಾರ್ಜಿನ ಜೊತೆ ಪುಕ್ಕಟೆಯಾಗಿ ಬಂದ ಒಂದು ಡ್ಯಾನಿಶ್ ಪತ್ತೇದಾರಿ ಧಾರಾವಾಹಿ ನನಗೆ ಅವನ್ನು ಕಲಿಸಿತು.

ಸಮುದ್ರದ ದಂಡೆಯಲ್ಲಿ ಒಂದು ಸಣ್ಣ ಊರು. ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನೊಬ್ಬನ ಹೆಣ ಸಿಗುತ್ತದೆ. ಪತ್ತೆಗೆ ಬಂದ ಪೊಲೀಸ್ ಅಧಿಕಾರಿ ಹೆಚ್ಚೂಕಡಿಮೆ ನನ್ನ ವಯಸ್ಸಿನ ಹೆಂಗಸು. ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಾಳೆ. ಅಷ್ಟು ಸಾಕಾಯಿತು ನನಗೆ, ಅವಳ ಬೆನ್ನು ಹತ್ತಿದೆ. ಬಂದರಿನ ಎದುರುಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಕೊಂದವನು ಓಡಿಹೋಗುವುದನ್ನು ಕಿಟಕಿಯಿಂದ ಕಂಡವಳು ಅವಳೊಬ್ಬಳೇ. ಅಧಿಕಾರಿ ಕೇಳುತ್ತಾಳೆ. ಮುದುಕಿ ಚಹಾದ ಪಾತ್ರೆಯನ್ನೇ ನೋಡುತ್ತಾ ಕೂರುತ್ತಾಳೆ. ಕೊನೆಗೆ, ಬೆನ್ನು ಕಂಡೆ, ಮುಖ ಕಾಣಲಿಲ್ಲ ಎನ್ನುತ್ತಾಳೆ. ಇಷ್ಟಕ್ಕೆ ಒಂದು ಇಡೀ ಕಂತು.

ಇಂಥದ್ದನ್ನು ನೋಡುವುದು ಸುಲಭವಲ್ಲ. ಮಾತು ತಿಳಿಯದ್ದರಿಂದ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಬೇಕು. ಸಾಲು ಓದಿದರೆ ಮುಖ ತಪ್ಪುತ್ತದೆ, ಮುಖ ನೋಡಿದರೆ ಸಾಲು ಹೋಗಿಬಿಟ್ಟಿರುತ್ತದೆ. ನಾನು ಪ್ರತಿ ಕಂತನ್ನೂ ಎರಡು ಸಲ ನೋಡಿದೆ, ಒಮ್ಮೆ ಓದಲು, ಒಮ್ಮೆ ನೋಡಲು. ಭಾನುವಾರದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಗಂಡ ಬಾಜೂ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಸಮುದ್ರದ ಸದ್ದಿಗೆ ಅದು ಒಪ್ಪುತ್ತಿತ್ತು.

ನನ್ನ ನೆಗೆಣ್ಣಿ ಸುನಂದಾ ಇರುವುದು ಹುಕ್ಕೇರಿಯಲ್ಲಿ. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ನನಗಿಂತ ಬಲು ಚುರುಕು. ಅವಳಿಗೂ ಈ ಹುಚ್ಚು ಹಿಡಿಸಿದವಳು ನಾನೇ. ಎರಡನೆಯ ಕಂತಿಗೇ ಅವಳ ಫೋನು ಬಂತು.

"ಅಕ್ಕಾ, ಆ ಮುದುಕಿ ಬಾಯಿ ಬಿಡೂತನಕಾ ನಾ ಎರಡ ಸಲ ಕುಕ್ಕರ್ ಇಟ್ಟ ಇಳಿಸೇನಿ. ಇನ್ನೂ ಚಾದ ಪಾತ್ರಿನ ನೋಡಾಕತ್ತಾಳಲ್ಲ!"

"ಅದರಾಗನ ಐತಿ ನೋಡ ಸುನಂದಾ, ಸ್ವಲ್ಪ ತಡಿ."

"ಏನೈತಿ? ಪಾತ್ರ್ಯಾಗ?"

ಅಷ್ಟರಲ್ಲಿ ಅದೇ ಕಥೆ ಹಿಂದಿಯಲ್ಲಿ ಮರುಹುಟ್ಟು ಪಡೆದು ಬಂತು. ಸುನಂದಾ ಬಚಾವಾದಳು. ಅದರಲ್ಲಿ ಓದುವ ಗೋಜಿಲ್ಲ, ರೊಟ್ಟಿ ಬಡಿಯುತ್ತಲೇ ಕೇಳಬಹುದು. ಮುದುಕಿ ಹೋಗಿ ಹರೆಯದ ಹುಡುಗಿ ಬಂದಿದ್ದಳು. ಮೊದಲ ಕಂತಿನಲ್ಲೇ ಪೊಲೀಸರು ಗಂಡಸರ ಸಾಲು ನಿಲ್ಲಿಸುತ್ತಾರೆ. ಹುಡುಗಿ ಕಣ್ಣೀರು ಒರೆಸಿಕೊಂಡು, ಇವನೇ ಎಂದು ಬೆರಳು ತೋರಿಸುತ್ತಾಳೆ. ನಗಾರಿ ಬಾರಿಸಿದಂಥ ಸಂಗೀತ. ಹುಕ್ಕೇರಿಯಲ್ಲಿ ನನ್ನ ನೆಗೆಣ್ಣಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳಂತೆ.

ನಾನು ಅವಳಿಗೆ ಫೋನಿನಲ್ಲಿ ಪಾಠ ಮಾಡಿದೆ. ಸಾಕ್ಷಿ ಎಂಬ ಮಾತಿನೊಳಗೇ ಅಕ್ಷಿ, ಅಂದರೆ ಕಣ್ಣು, ಕುಳಿತಿದೆ. ಕಣ್ಣಿನಿಂದ ಕಂಡವನು ಸಾಕ್ಷಿ, ಊಹೆ ಮಾಡಿದವನಲ್ಲ. ಕಾಣದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಮುದುಕಿಗೆ ಎಷ್ಟು ಧೈರ್ಯ ಬೇಕಾಗಿತ್ತು ನೋಡು. ಡೆನ್ಮಾರ್ಕಿನವರದು ಕಲೆ, ಇದು ಬರೀ ಗದ್ದಲ. ಹೀಗೆಲ್ಲ ಅಂದೆ. ಅಲ್ಲಿಯವರೆಗೆ ಬದುಕಿನಲ್ಲಿ ಏನನ್ನೂ ನೋಡಿರದವಳು ನಾನು. ಅಂಥವರಿಗೆ ಸಾಕ್ಷಿಯ ಬಗ್ಗೆ ಬಹಳ ತಿಳಿದಿರುತ್ತದೆ.

ಚಳಿ ಇಳಿಯುತ್ತಿದ್ದ ಒಂದು ಸಂಜೆ ಮೂಡಲಗಿಯಿಂದ ಬರುತ್ತಿದ್ದ ನಮ್ಮ ಬಸ್ಸು ಅರಭಾವಿಯಲ್ಲಿ ನಿಂತಿತು. ನಾನು ಬಲಗಡೆಯ ಕಿಟಕಿಯಲ್ಲಿದ್ದೆ. ರಸ್ತೆಯ ಆಚೆ ಬದಿಗೆ ಲಗಮಪ್ಪನ ಪೇರಲಹಣ್ಣಿನ ಗಾಡಿ. ವರ್ಷಗಳಿಂದ ಅವನ ಹಣ್ಣು ತಿಂದವಳು ನಾನು. ಬಸ್ಸು ನಿಂತರೆ ಚೀಲ ಹಿಡಿದು ಕಿಟಕಿಯವರೆಗೆ ಬರುತ್ತಿದ್ದ. ಆ ದಿನ ಗಾಡಿಯ ಮುಂದೆ ನಮ್ಮ ಕಡೆ ಮುಖ ಮಾಡಿ ನಿಂತು ಯಾರಿಗೋ ತೂಗುತ್ತಿದ್ದ. ನಾನು ತಕ್ಕಡಿಯನ್ನೇ ನೋಡುತ್ತಿದ್ದೆ. ಹಿಂದಿನಿಂದ ಒಂದು ಬಿಳಿ ಪಿಕಪ್ ಗಾಡಿ ನಮ್ಮ ಬಸ್ಸನ್ನು ದಾಟಿಕೊಂಡು ಬಂತು. ಬಿಳಿ ಬಣ್ಣ ಕಿಟಕಿಯ ತುಂಬ ಹರಡಿತು. ಸದ್ದಾಯಿತು. ಬಿಳಿ ಮುಂದೆ ಸರಿಯಿತು. ಹಣ್ಣಿನ ಗಾಡಿ ಅಡ್ಡ ಬಿದ್ದಿತ್ತು, ತಕ್ಕಡಿ ಹಿಡಿದವನು ಅಲ್ಲಿರಲಿಲ್ಲ.

ಪಿಕಪ್ ನಿಲ್ಲಲಿಲ್ಲ. ನನಗೆ ಕಂಡದ್ದು ಇಷ್ಟು: ಅದರ ಹಿಂಭಾಗ, ಜೋತುಬಿದ್ದ ತಾಡಪತ್ರಿಯ ಹಗ್ಗ, ಚಾಲಕನ ಕಿಟಕಿಯಿಂದ ಹೊರಗೆ ಚಾಚಿದ್ದ ಒಂದು ಮೊಣಕೈ. ಚೌಕಳಿ ಅಂಗಿ, ತೋಳು ಮಡಚಿತ್ತು. ಪೊಲೀಸರು ಕೇಳಿದಾಗ ಅಷ್ಟನ್ನೇ ಹೇಳಿದೆ, ಅವರು ಅಷ್ಟನ್ನೇ ಬರೆದುಕೊಂಡರು. ಉಳಿದವರೆಲ್ಲ ಎಡಗಡೆಯ ಸೀಟಿನವರು, ಇಲ್ಲವೆ ಮೊಬೈಲು ನೋಡುತ್ತಿದ್ದವರು. ಹಣ್ಣು ಕೊಳ್ಳುತ್ತಿದ್ದವನು ಬದಿಗೆ ಬಿದ್ದು ಬಚಾವಾಗಿದ್ದ, ಅವನು ನಿಂತದ್ದು ರಸ್ತೆಗೆ ಬೆನ್ನು ಮಾಡಿ.

ಆ ಧಾರಾವಾಹಿಯಲ್ಲಿ ಒಂದು ಸಾವಿಗೆ ಎಷ್ಟೊಂದು ಹೊತ್ತು ಕೊಟ್ಟಿದ್ದರು! ಸತ್ತವನ ಚಹಾದ ಕಪ್ಪು, ಅವನ ಬೂಟು, ಅವನು ಅರ್ಧ ಓದಿಟ್ಟ ಪೇಪರು, ಎಲ್ಲದರ ಮೇಲೂ ಕ್ಯಾಮೆರಾ ನಿಂತು ನಿಂತು ಹೋಗುತ್ತದೆ. ಅರಭಾವಿಯಲ್ಲಿ ಜನ ಉರುಳಿದ ಹಣ್ಣುಗಳನ್ನು ಆರಿಸಿ ರಸ್ತೆ ತೆರವು ಮಾಡಿದರು. ನಮ್ಮ ಬಸ್ಸು ಹೊರಟಿತು. ಗೋಕಾಕ ಬಂದಾಗ ಕಂಡಕ್ಟರ್ ಎಂದಿನಂತೆ ಊರಿನ ಹೆಸರು ಕೂಗಿದ. ಎಲ್ಲರೂ ಇಳಿದರು, ನಾನೂ ಇಳಿದೆ.

ಕೆಲವು ದಿನಗಳಲ್ಲಿ ಆ ಪಿಕಪ್ ಸಿಕ್ಕಿತು. ಹುಕ್ಕೇರಿ ಕಡೆಯದು. ಡ್ರೈವರನನ್ನು ಹಿಡಿದರು. ಆ ದಿನ ಗಾಡಿ ಬೇರೆಯವರ ಕೈಯಲ್ಲಿತ್ತು, ತಾನು ಓಡಿಸಿಲ್ಲ ಎಂದು ಅವನು ಹಟ ಹಿಡಿದ. ಹಾಗಾಗಿ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು: ಸ್ಟೇರಿಂಗ್ ಹಿಡಿದಿದ್ದವನು ಅವನೇ ಹೌದೋ ಅಲ್ಲವೋ. ಆ ಮೊಣಕೈ ಯಾರದು?

ಇದನ್ನೆಲ್ಲ ನಾನು ಸುನಂದಾಗೆ ಹೇಳಿದ್ದು ತಪ್ಪಲ್ಲ. ಯಾರಿಗಾದರೂ ಹೇಳದೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಗಿರಣಿಯಲ್ಲಿ ಹಿಟ್ಟು ಬೀಸಿಸುವ ಹೊತ್ತಿನಲ್ಲಿ ಅದನ್ನು ನಾಲ್ಕು ಜನಕ್ಕೆ ಹೇಳಿದಳು. ಹಿಟ್ಟಿನಂತೆಯೇ ಕಥೆಯೂ ನುಣ್ಣಗಾಯಿತು. ಮೊಣಕೈ ಭುಜವಾಯಿತು, ಭುಜದ ಮೇಲೆ ಮುಖ ಬಂತು, ಮುಖಕ್ಕೆ ಮೀಸೆ ಬಂತು. ಮೂಡಲಗಿ ಶಾಲೆಯ ಅಕ್ಕೋರು ಡ್ರೈವರನ ಮಾರಿಯನ್ನು ಕಣ್ಣಾರೆ ನೋಡಿದ್ದಾರೆ ಎಂಬ ಸುದ್ದಿ ಹುಕ್ಕೇರಿಯಿಂದ ಹೊರಟು ಅರಭಾವಿಗೆ ತಲುಪಿತು. ಬೆನ್ನು ಮಾತ್ರ ಕಂಡ ನನ್ನ ಕಥೆಗೂ ಹಿಂದಿ ಅವತಾರ ಸಿದ್ಧವಾಗಿತ್ತು. ಸುನಂದಾ ಸುಳ್ಳುಗಾರ್ತಿ ಅಲ್ಲ. ಕಥೆಗೆ ಮುಖವಿಲ್ಲದಿದ್ದರೆ ಅವಳಿಗೆ ಸಹಿಸಲಾಗುವುದಿಲ್ಲ, ಅಷ್ಟೇ.

ಒಂದು ಭಾನುವಾರ ಲಗಮಪ್ಪನ ಹೆಂಡತಿ ಕೆಂಪವ್ವ ಮನೆಗೆ ಬಂದಳು. ಸೆರಗಿನಲ್ಲಿ ಪೇರಲಹಣ್ಣು ಕಟ್ಟಿ ತಂದಿದ್ದಳು. ಕುರ್ಚಿ ಕೊಟ್ಟರೆ ನೆಲದ ಮೇಲೆ ಕೂತಳು. ನಾನೂ ನೆಲಕ್ಕೆ ಕೂತೆ.

"ಅಕ್ಕೋರ, ನೀವು ನೋಡೀರಂತಲ್ರಿ."

"ಬೆನ್ನ ನೋಡೇನಿ ಕೆಂಪವ್ವಾ. ಮೊಣಕೈ ನೋಡೇನಿ. ಮಾರಿ ನೋಡಿಲ್ಲ."

"ಹುಕ್ಕೇರ್ಯಾಗೆಲ್ಲ ಅಂತಾರ್ರಿ, ನೋಡ್ಯಾರ ಅಂತ."

"ಅವರ ಯಾರೂ ಬಸ್ಸಿನ್ಯಾಗ ಇರಲಿಲ್ಲವ್ವಾ."

ಅವಳು ನೆಲದ ಮೇಲೆ ಬೆರಳಾಡಿಸಿದಳು. "ಗಾಡಿ ಅವಂದು. ಕೀಲಿ ಅವನ ಕಿಸೇದಾಗ. ಮತ್ತ್ಯಾರ ಹೊಡೀತಾರ್ರಿ? ಇವನ ಅಂತ ಒಂದ ಮಾತ ಅಂದ್ರ ನಿಮ್ಮ ಗಂಟೇನ ಹೋಗತೈತ್ರಿ ಅಕ್ಕೋರ?"

ಏನೂ ಹೋಗುತ್ತಿರಲಿಲ್ಲ. ಅದೇ ಕಷ್ಟ. ಅವನೇ ಇರಬಹುದು ಎಂದು ನನಗೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಅನ್ನಿಸುವುದಕ್ಕೆ ಕಣ್ಣಿಲ್ಲ. ಇದೇ ಮಾತನ್ನು ಫೋನಿನಲ್ಲಿ ಸುನಂದಾಗೆ ಹೇಳುವಾಗ ಎಷ್ಟು ಚೆಂದ ಬಂದಿತ್ತು! ಚಹಾ ಮಾಡುತ್ತೇನೆಂದು ಎದ್ದೆ. ಒಲೆಯ ಮುಂದೆ ನಿಂತು ಪಾತ್ರೆಯನ್ನೇ ನೋಡುತ್ತಿದ್ದೆ. ಅದರಲ್ಲಿ ಏನಿರುತ್ತದೆ ಎಂದು ಆಗ ತಿಳಿಯಿತು. ಏನೂ ಇರುವುದಿಲ್ಲ. ಬೇರೆ ಎಲ್ಲಿ ನೋಡಬೇಕೋ ತಿಳಿಯದ್ದಕ್ಕೆ ಅಲ್ಲಿ ನೋಡುವುದು.

ಚಹಾ ತರುವಷ್ಟರಲ್ಲಿ ಅವಳು ಹೋಗಿದ್ದಳು. ಹಣ್ಣು ಬಿಟ್ಟುಹೋಗಿದ್ದಳು.

ಮೂಡಲಗಿಯ ಕೋರ್ಟಿನಲ್ಲಿ ನನ್ನ ಸರದಿ ಬಂದದ್ದು ಬಹಳ ತಿಂಗಳ ಮೇಲೆ. ಕೆಂಪವ್ವ ಹಿಂದಿನ ಬೆಂಚಿನಲ್ಲಿ ಗೋಡೆಗೆ ಆತು ಕೂತಿದ್ದಳು. ಡ್ರೈವರ್ ಈ ಕಡೆ ನಿಂತಿದ್ದ. ಸಾದಾ ಮುಖ. ಮೀಸೆ ಇರಲಿಲ್ಲ. ವಕೀಲರು ಕೇಳಿದರು, ಇವನನ್ನು ಗುರುತಿಸುತ್ತೀರಾ? ನಾನು ಅವನ ಮೊಣಕೈ ನೋಡಿದೆ. ಅವನು ತುಂಬುತೋಳಿನ ಅಂಗಿ ಹಾಕಿದ್ದ.

ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ. ಆಮೇಲೆ, "ನಾ ಮಾರಿ ನೋಡಿಲ್ರಿ, ಬೆನ್ನ ಅಷ್ಟ ನೋಡೇನ್ರಿ" ಎಂದೆ. ನ್ಯಾಯಾಧೀಶರು ಸಾವಕಾಶ ಹೇಳಿ ಬರೆಸಿದರು: ನಾನು ವಾಹನ ಚಾಲಕನ ಮುಖವನ್ನು ನೋಡಿರುವುದಿಲ್ಲ. ಟೈಪಿಂಗ್ ಮಾಡುವ ಹುಡುಗಿಯ ಪರದೆಯ ಮೇಲೆ ಆ ಸಾಲು ಮೂಡಿದ್ದು ನನಗೂ ಕಂಡಿತು. ತಪ್ಪಿಲ್ಲದ ಸಾಲು. ನಾನು ಹೇಳಿದ್ದೇ ಅದರಲ್ಲಿತ್ತು. ಆದರೆ ಹೇಳುವ ಮೊದಲಿನ ಆ ಸುಮ್ಮನಿರುವಿಕೆ ಅದರಲ್ಲಿ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದೂ ಇರಲಿಲ್ಲ. ಅಡಿಸಾಲು ಓದುವವರಿಗೆ ಮುಖ ತಪ್ಪುತ್ತದೆ ಎಂದು ಮೊದಲೇ ಹೇಳಿದೆನಲ್ಲ.

ಡ್ರೈವರ್ ಬಿಡುಗಡೆಯಾದ.

"ಅಕ್ಕಾ, ಆ ಹಿಂದಿ ಹುಡುಗಿ ಹಂಗ ಬಟ್ಟ ತೋರಿಸಿದ್ರ ಮುಗೀತಿತ್ತಲ್ಲ" ಎಂದಳು ಸುನಂದಾ. ಅವಳ ದನಿಯಲ್ಲಿ ಜಗಳ ಇರಲಿಲ್ಲ, ಸಂಕಟವಿತ್ತು. ಡೆನ್ಮಾರ್ಕಿನ ಕಥೆಯ ಕೊನೆಯಲ್ಲಿಯೂ ಯಾರಿಗೂ ಸಮಾಧಾನ ಸಿಗುವುದಿಲ್ಲ. ಅಧಿಕಾರಿ ಒಬ್ಬಳೇ ಬಂದರಿನಲ್ಲಿ ನಿಂತಿರುತ್ತಾಳೆ, ನೀರು ಕಾಣುತ್ತದೆ, ನಟರ ಹೆಸರುಗಳು ಬರುತ್ತವೆ. ಅದು ಕಲೆ ಎಂದುಕೊಂಡಿದ್ದೆ. ಹೆಸರುಗಳು ಬಂದ ಮೇಲೂ ಆ ನೀರನ್ನು ನೋಡುತ್ತಾ ಊರಿನವರು ದಿನಾ ಓಡಾಡಬೇಕಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನಾನು ಬಸ್ಸಿನಲ್ಲಿ ಎಡಗಡೆಯ ಸೀಟಿಗೆ ಕೂರತೊಡಗಿದೆ. ಅರಭಾವಿ ಬಂದರೆ ಪರ್ಸಿನಲ್ಲಿ ಏನನ್ನೋ ಹುಡುಕುತ್ತಿದ್ದೆ. ಧಾರಾವಾಹಿಯ ಎರಡನೆಯ ಭಾಗ ಬಂತು. ನೋಡಲಿಲ್ಲ.

ಪೇರಲದ ಕಾಲ ಮತ್ತೆ ಬಂದಾಗ ಅದೇ ಗಾಡಿಯ ಹಿಂದೆ ಕೆಂಪವ್ವ ನಿಂತಿರುವುದು ಎಡಗಡೆಯ ಸೀಟಿನಿಂದಲೂ ಕಂಡಿತು. ಒಂದು ಸಂಜೆ ಇಳಿದುಬಿಟ್ಟೆ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು. ಅವಳು ನನ್ನನ್ನು ನೋಡಿ ಹಣ್ಣಿನ ಮೇಲಿನ ಧೂಳು ಒರೆಸತೊಡಗಿದಳು. ಬಹಳ ಹೊತ್ತು ಒರೆಸಿದಳು.

"ಕೋರ್ಟಿನ್ಯಾಗ ಹೇಳಿದ್ದ ಬ್ಯಾಡ್ರಿ," ಎಂದಳು ಕೊನೆಗೆ. "ನಮ್ಮವರು ಏನ ಮಾಡಾಕತ್ತಿದ್ರು, ಕಡೀಕ? ಅದನ್ನ ಹೇಳ್ರಿ."

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಪೊಲೀಸರಿಗೆ ಬೇಕಿರಲಿಲ್ಲ, ವಕೀಲರಿಗೂ ಬೇಕಿರಲಿಲ್ಲ. ಇದೊಂದನ್ನು ಮಾತ್ರ ನಾನು ಖಚಿತವಾಗಿ ಬಲ್ಲೆ ಎಂದು ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದೆ. ನಿಧಾನಕ್ಕೆ, ಒಂದೊಂದಾಗಿ ಹೇಳಿದೆ. ಹೆಗಲ ಮೇಲೆ ಹಸಿರು ಟವೆಲ್ ಇತ್ತು. ತಕ್ಕಡಿ ಎತ್ತಿ ಹಿಡಿದಿದ್ದ. ಮುಳ್ಳು ನೋಡುತ್ತಿದ್ದ. ತೂಕ ಸರಿಯಾದ ಮೇಲೂ ಇನ್ನೊಂದು ಹಣ್ಣು ಹಾಕಿದ. ಏನೋ ಹೇಳಿ ನಕ್ಕ.

"ತಕ್ಕಡಿ ಯಾವ ಕೈಯಾಗಿತ್ರಿ?"

"ಬಲಗೈಯಾಗ."

ಅವಳ ಕೈ ನಿಂತಿತು. ನನ್ನನ್ನೇ ನೋಡಿದಳು.

"ಅವರ ಬಲಗೈಗೆ ಮೂರ ಬಟ್ಟ ಇದ್ದಿಲ್ರಿ ಅಕ್ಕೋರ. ಲಗ್ನದ ಮೊದಲ, ಬೆಲ್ಲದ ಗಾಣದಾಗ ಹೋಗಿದ್ವು. ಎರಡ ಉಳಿದಿದ್ವು. ತಕ್ಕಡಿ ಎಡಗೈಲೇನ ಹಿಡೀತಿದ್ರು, ಯಾವಾಗ್ಲೂ."

ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕಿರುತ್ತದೆ. ಕನ್ನಡಿಯ ಪಾಠದಲ್ಲಿ ವರ್ಷಾ ವರ್ಷಾ ಹಲಗೆಯ ಮೇಲೆ ಚಿತ್ರ ಬರೆದು ನಾನೇ ಹೇಳಿಕೊಡುತ್ತೇನೆ. ಅದು ಹೋಗಲಿ. ಡೆನ್ಮಾರ್ಕಿನ ಹೆಂಗಸಿನ ಮೊಣಕಾಲು ನೋವು ಮೊದಲ ಕಂತಿನಲ್ಲೇ ನನ್ನ ಕಣ್ಣಿಗೆ ಬಿದ್ದಿತ್ತು. ವರ್ಷಗಟ್ಟಲೆ ಕಿಟಕಿಯವರೆಗೆ ಹಣ್ಣು ತಂದುಕೊಟ್ಟವನ ಕೈಯಲ್ಲಿ ಬೆರಳಿಲ್ಲದ್ದು ಬಿದ್ದಿರಲಿಲ್ಲ.

ತಲೆ ತಗ್ಗಿಸಿ ನಿಂತೆ. ಕೆಂಪವ್ವನಿಂದ ಒಂದು ಉಸಿರು ಹೊರಬಂತು. ಅದು ನಗೆಯೂ ಇರಬಹುದು. ಖಾತ್ರಿಯಾಗಿ ಹೇಳಲಾರೆ.

"ಅಂಜಿ ಸುಳ್ಳ ಹೇಳೀರಿ ಅಂತ ತಿಳಕೊಂಡಿದ್ನಿರಿ ನಾ. ಇಷ್ಟ ದಿನ ಬೈಕೋಂತನ ಇದ್ದೆ ನಿಮ್ಮನ್ನ. ಇಲ್ಲ ಬಿಡ್ರಿ. ನಿಮಗ ಖರೇನ ಕಾಣಸೂದಿಲ್ಲ."

ಒಂದು ಹಣ್ಣು ಕೊಯ್ದು, ಉಪ್ಪು ಖಾರ ಹಚ್ಚಿ, ನನ್ನ ಕೈಗಿಟ್ಟಳು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ ಸತ್ಯವನ್ನು ನಂಬದವಳು, ನಾನು ಹೇಳಿದ ತಪ್ಪಿನಿಂದ ನನ್ನನ್ನು ನಂಬಿದಳು. ಅವಳ ಗಂಡ ಮರಳಲಿಲ್ಲ. ಆ ಮೊಣಕೈ ಯಾರದೆಂದು ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಅರಭಾವಿಯಲ್ಲಿ ಗಾಡಿಗಳು ಇಂದಿಗೂ ನಿಂತ ಬಸ್ಸನ್ನು ಅದೇ ವೇಗದಲ್ಲಿ ದಾಟಿ ಹೋಗುತ್ತವೆ.

ನಾನು ಮತ್ತೆ ಬಲಗಡೆಯ ಕಿಟಕಿಗೆ ಬಂದಿದ್ದೇನೆ. ಬಸ್ಸು ನಿಂತರೆ ಕೆಂಪವ್ವ ತಕ್ಕಡಿ ಎತ್ತುವುದು ಕಾಣುತ್ತದೆ. ಅವಳು ಹಿಡಿಯುವುದು ಬಲಗೈಯಲ್ಲಿ. ಹಾಗೆಂದು ನನಗೆ ತೋರುತ್ತದೆ. ನೀವು ಇದನ್ನು ನಂಬುವ ಮೊದಲು, ನಾಳೆ ಒಮ್ಮೆ ಇಳಿದು ಅವಳ ಪಕ್ಕ ನಿಂತು ನೋಡಿಕೊಂಡು ಬರುತ್ತೇನೆ.