ಬೂಟು ಬಿಚ್ಚದ ಮಾಸ್ತರರು

ಹಡಗಿನ ಕೆಲಸದ ಸಂದರ್ಶನಕ್ಕೆಂದು ಮುಂಬೈಗೆ ಹೊರಟ ಮಾನ್ವಿ-ದೇವದುರ್ಗ ಕಡೆಯ ಹುಡುಗರೆಲ್ಲ ಮೊದಲು ತಾಲೀಮಿಗೆ ಹನುಮಂತ್ರಾಯ ಮಾಸ್ತರರ ಕೋಣೆಗೆ ಬರಲೇಬೇಕು. ಮಾನ್ವಿಯ ಅಕ್ಕಿ ಗಿರಣಿಯ ಮೇಲಿನ ಆ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ, ಅದರಲ್ಲಿ ಕುಳಿತ ಮಾಸ್ತರರೇ ಕ್ಯಾಪ್ಟನ್. "ಹಡಗ ಯಾಕ ಹತ್ತತೀ?" ಎಂದು ಗುಡುಗುತ್ತಾರೆ. "ದೇಶ ನೋಡಾಕ್ರೀ ಸರ್" ಎಂದು ಹುಡುಗ ಅಂದರೆ ಮುಗಿಯಿತು. "ಲೇ, ದೇಶ ನೋಡಾವ್ರು ಟಿಕೆಟ್ ತಗೊಂಡು ಹೋಗ್ತಾರ. ನೀ ದುಡಿಯಾಕ ಹೊಂಟಿ, ಅದನ್ನ ಹೇಳು!" ಗೊತ್ತಿಲ್ಲದ್ದನ್ನು ಗೊತ್ತು ಅಂದರೂ ಬೈಗುಳವೇ. ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಬಾಗಿಲಲ್ಲಿ. ದೊಡ್ಡವರ ಕೋಣೆ ಕಂಡರೆ ನಮ್ಮ ಕಡೆಯ ಹುಡುಗರು ಕಾಲಲ್ಲಿದ್ದದ್ದನ್ನು ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ. "ಬೂಟು ಬಿಚ್ಚಬ್ಯಾಡ್ರೋ! ಹಡಗಿನ್ಯಾಗ ಬರಿಗಾಲಾಗ ನಿಂತವ ಕಾಲು ಕಳ್ಕೋತಾನ!" ಎಂಬ ಮಾಸ್ತರರ ಕೂಗು ಗಿರಣಿಯ ಸದ್ದನ್ನೂ ಮೀರಿ ಬೀದಿಗೆ ಕೇಳಿಸುತ್ತದೆ. ಅವರಂತೂ ಬೂಟು ಹಾಕಿಕೊಂಡೇ ಹುಟ್ಟಿರಬೇಕು ಎಂದು ಹುಡುಗರ ತಮಾಷೆ. ಊಟಕ್ಕೂ ಹಾಗೇ ಕೂರುತ್ತಾರೆಂದು ಹೆಂಡತಿ ಚಂದ್ರಕಲಾ ಗೊಣಗುತ್ತಾರೆ. ಹರೆಯದಲ್ಲಿ ಮುಂಬೈಯ ಅಂಥದೇ ಒಂದು ಬಾಗಿಲಲ್ಲಿ ಬೂಟು ಕಳಚಿಟ್ಟು ಸಂದರ್ಶನಕ್ಕೆ ಒಳಗೆ ಹೋದವರು ಈ ಮಾಸ್ತರರು. ಒಳಗಿದ್ದ ಕ್ಯಾಪ್ಟನ್ ಅವರ ಬರಿಗಾಲನ್ನೊಮ್ಮೆ ನೋಡಿ, ಏನೂ ಕೇಳದೆ ಕಳಿಸಿಬಿಟ್ಟ. ಸಮುದ್ರವನ್ನೂ ನೋಡದೆ ಮಾಸ್ತರರು ಅದೇ ಸಂಜೆಯ ರೈಲು ಹಿಡಿದರು. ಈಗ ಕೆಲಸ ಸಿಕ್ಕ ಹುಡುಗರು ಹಡಗಿನಿಂದ ವಿಡಿಯೋ ಕರೆ ಮಾಡುತ್ತಾರೆ. "ನಿನ್ನ ಮುಖ ಸಾಕೋ, ನೀರು ತೋರ್ಸು" ಅನ್ನುತ್ತಾರೆ ಮಾಸ್ತರರು. ಮೊಬೈಲಿನಲ್ಲಿ ಸಮುದ್ರ ಕಾಣಿಸಿದ ಕೂಡಲೇ ಕುರ್ಚಿಯಿಂದ ಎದ್ದು, ನೀರಿನ ಮೇಲಿಂದ ಕಣ್ಣು ತೆಗೆಯದೆ, ಎರಡೂ ಬೂಟು ಕಳಚಿ ಪಕ್ಕಕ್ಕಿಡುತ್ತಾರೆ.